ಫುಟ್‌ಬಾಲ್ ಮನೆ ಸ್ಟಾಪು

ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಹಾಕಿದೆ. ಡೇರಿಗೆ ಎರಡು ಲೀಟರ್ ಹಾಲು ಹಾಕಿ ಬಂದೆ. ಅತ್ತೆಗೆ ಬಿಸಿನೀರು, ಬಿಪಿ ಮಾತ್ರೆ, ಎರಡು ಇಡ್ಲಿ ಕೊಟ್ಟೆ. ಒಂದನ್ನು ಬೆಕ್ಕಿಗೆ ಹಾಕಿದರು. ನೆನೆಸಿದ ಉದ್ದನ್ನು ರುಬ್ಬಿದೆ, ತಿನ್ನುವುದಕ್ಕಲ್ಲ, ಕಟ್ಟು ಹಾಕುವುದಕ್ಕೆ. ಹಳೆಯ ಪಂಚೆಯೊಂದನ್ನು ನಾಲ್ಕು ಬೆರಳಗಲಕ್ಕೆ ಹರಿದು ಸುರುಳಿ ಸುತ್ತಿಟ್ಟೆ. ಗುರುವಾರ ಕಟ್ಟಿನ ದಿನವಾದ್ದರಿಂದ ಆರು ಜನ ಬಂದಿದ್ದರು. ಮೂರು ಮುಂಗೈ, ಎರಡು ಪಾದ, ಒಂದು ಸೊಂಟ. ಸೊಂಟವನ್ನು ನಾನು ಮುಟ್ಟುವುದಿಲ್ಲ. ಶಿವಮೊಗ್ಗದ ಆಸ್ಪತ್ರೆಗೆ ಹೋಗಿ ಎಂದು ಬಂದ ಆಟೋದಲ್ಲೇ ಕಳಿಸಿದೆ. ಮಧ್ಯಾಹ್ನ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದಾಗ ತರೀಕೆರೆ ಕಾಲೇಜಿನಿಂದ ಮಗಳು ಬಂದಳು. ಚಪ್ಪಲಿ ಬಿಡುವ ಮೊದಲೇ ಫೋನು ಮುಂದೆ ಹಿಡಿದಳು.

"ಅಮ್ಮಾ, ಅವ್ನು ಆಟ ಬಿಟ್ಬಿಟ್ನಂತೆ ಕಣಮ್ಮಾ."

ಯಾರು ಎಂದು ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಹೆಸರು ಹೇಳದೆ 'ಅವನು' ಎಂದರೆ ಒಬ್ಬನೇ.

ಅವನ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಅದನ್ನು ಕೂಗುವುದಕ್ಕೆ ಅವನಿಗೆ ಬೇಕಾದಷ್ಟು ಜನ ಇದ್ದಾರೆ. ದಕ್ಷಿಣ ಅಮೆರಿಕದವನು, ಫುಟ್‌ಬಾಲ್ ಆಡುವುದೇ ಅವನ ಕಸುಬು, ಮೈದಾನದ ನಡುವೆ ನಿಂತು ಆಡುವ ಮಿಡ್‌ಫೀಲ್ಡರ್. ಆರು ವರ್ಷದ ಹಿಂದೆ ನಮ್ಮ ಮನೆಯಲ್ಲಿ ನಲವತ್ತೊಂದು ದಿನ ಇದ್ದ. ಅಷ್ಟೂ ದಿನ ನಾನು ಅವನಿಗೆ ಅಡುಗೆ ಮಾಡಿದೆ, ಅವನ ಕಾಲು ಕಟ್ಟಿದೆ, ಅವನನ್ನು ಕಂಡು ಹೊಟ್ಟೆಕಿಚ್ಚು ಪಟ್ಟೆ. ಮೂರರಲ್ಲಿ ಯಾವುದನ್ನೂ ಅರೆಮನಸ್ಸಿನಿಂದ ಮಾಡಲಿಲ್ಲ.

ನಮ್ಮದು ಅಜ್ಜಂಪುರದಿಂದ ಶಿವನಿ ಊರಿಗೆ ಹೋಗುವ ದಾರಿಯ ಹಳ್ಳಿ. ಮೂಳೆ ಮುರಿದವರಿಗೆ, ಕೀಲು ಹೊರಳಿದವರಿಗೆ ಸೊಪ್ಪಿನ ಕಟ್ಟು ಹಾಕುವ ಮನೆ ನಮ್ಮದು. ಮಾವನವರ ತಾತನ ಕಾಲದಿಂದ ನಡೆದುಬಂದದ್ದು. ಬಸ್ಸಿನವರು ನಮ್ಮ ಸ್ಟಾಪನ್ನು 'ಕಟ್ಟಿನ ಮನೆ' ಎಂದೇ ಕೂಗುತ್ತಿದ್ದರು. ಸಖರಾಯಪಟ್ಟಣದಿಂದ ಮದುವೆಯಾಗಿ ಬಂದ ನಾನು 'ಕಟ್ಟಿನ ಮನೆ ಸೊಸೆ' ಆದೆ. ನನ್ನ ಹೆಸರು ರೇಷನ್ ಕಾರ್ಡಿನಲ್ಲಿ ಉಳಿಯಿತು.

ಈ ವಿದ್ಯೆ ಮಗನಿಗೆ ಹೋಗಬೇಕು. ಆದರೆ ನಮ್ಮನೆಯವರು ಅಜ್ಜಂಪುರದಲ್ಲಿ ಬೋರ್‌ವೆಲ್ ಮೋಟಾರು ವೈಂಡಿಂಗ್ ಅಂಗಡಿ ಇಟ್ಟುಕೊಂಡವರು. ಸುಟ್ಟುಹೋದ ಮೋಟಾರಿನ ಒಳಗೆ ಎಷ್ಟು ಹೊತ್ತು ಬೇಕಾದರೂ ಕೈಯಿಟ್ಟು ಕೂರುತ್ತಾರೆ. ಸೊಟ್ಟಗಾದ ಕಾಲೊಂದು ಕಂಡರೆ ತಲೆ ಸುತ್ತಿ ಬೀಳುತ್ತಾರೆ. ಒಮ್ಮೆ ಹಾಗೆ ಬಿದ್ದು, ಬಂದಿದ್ದ ರೋಗಿಯನ್ನು ಬಿಟ್ಟು ಮೊದಲು ಇವರ ಮೊಣಕೈಗೆ ಕಟ್ಟು ಹಾಕಬೇಕಾಯಿತು. ಮಾವನಿಗೆ ಎಪ್ಪತ್ತು ದಾಟಿದ ಮೇಲೆ ಕೈ ನಡುಗತೊಡಗಿತು. ಅವರು ಬೆರಳಿನಿಂದ ಒತ್ತುತ್ತಾ ಹೋಗಿ ಒಂದು ಕಡೆ ನಿಲ್ಲಿಸಿ "ಹ್ಞೂಂ" ಅನ್ನುತ್ತಿದ್ದರು. ಅಲ್ಲಿಂದ ಮುಂದೆ ಎಳೆದು ಕೂರಿಸುವುದು, ಸೊಪ್ಪು ಮೆತ್ತುವುದು, ಬಿದಿರು ದಬ್ಬೆ ಇಟ್ಟು ಬಟ್ಟೆ ಸುತ್ತುವುದು ನಾನು. ಗಂಟು ಯಾವಾಗಲೂ ಹೊರಮಗ್ಗುಲಿಗೆ, ಮಲಗಿದಾಗ ಒತ್ತಬಾರದು. ವಾಸಿಯಾದವರು ಹೇಳುತ್ತಿದ್ದುದು "ಅಜ್ಜನ ಕೈಗುಣ" ಎಂದು.

ಅದಕ್ಕೂ ನನಗೆ ಅಷ್ಟು ಬೇಜಾರಿರಲಿಲ್ಲ. ಬೇಜಾರು ಸೊಪ್ಪಿನದು. ಮಾವ ಒಬ್ಬರೇ ನಸುಕಿನಲ್ಲಿ ಹೋಗಿ ಅದನ್ನು ಬುಟ್ಟಿಯಲ್ಲಿ ಮುಚ್ಚಿ ತಂದು, ಕದ ಹಾಕಿಕೊಂಡು ಅರೆದು, ಹಸಿರು ಮುದ್ದೆ ಮಾಡಿ ನನ್ನ ಕೈಗೆ ಕೊಡುತ್ತಿದ್ದರು. ಹೆಂಗಸರಿಗೆ ತೋರಿಸಿದರೆ ಸೊಪ್ಪಿನ ಗುಣ ಹೋಗುತ್ತದೆ ಎಂಬುದು ಮನೆಯ ನಡವಳಿಕೆ. ಹತ್ತೊಂಬತ್ತು ವರ್ಷ ಆ ಮುದ್ದೆಯನ್ನು ಹಿಡಿದಿದ್ದೆ. ಎಲೆ ದುಂಡಗೋ ಉದ್ದವೋ ಗೊತ್ತಿರಲಿಲ್ಲ. ಮಾವ ಹೋದರೆ ಸೊಪ್ಪು ಅವರ ಜೊತೆಗೇ ಹೋಗುತ್ತದೆ. ಆಮೇಲೆ ನನ್ನ ಕೈಯಲ್ಲಿರುವುದು ಬರೀ ಬಟ್ಟೆ.

"ಮಾವ, ನಿಮ್ಗೆ ನಡಿಯಕ್ಕಾಗ್ದಾಗ ಸೊಪ್ಪು ತರೋರ್ಯಾರು?" ಎಂದು ಒಂದು ಸಲ ಕೇಳಿದ್ದೆ.

"ಆಗ ನೋಡನ ಕಣಮ್ಮ," ಎಂದಿದ್ದರು.

ಇಂಥ ಮನೆಗೆ ಅವನು ಬಂದ. ನಮ್ಮ ದೇಶದ ಯಾವುದೋ ಕ್ಲಬ್ಬಿಗೆ ಆಡಲು ಬಂದವನಿಗೆ ಎಡಪಾದದ ಕೀಲು ಹೊರಳಿ, ಡಾಕ್ಟರುಗಳೆಲ್ಲ ನೋಡಿ, ಆರು ತಿಂಗಳು ಆಟ ಬೇಡ ಎಂದಿದ್ದರಂತೆ. ಅವನ ಕಾರು ಓಡಿಸುತ್ತಿದ್ದ ಡ್ರೈವರು ನಮ್ಮ ಶಿವನಿಯವನು. "ನಮ್ಮೂರ ಕಡೆ ಒಬ್ಬರು ಅಜ್ಜ ಅವ್ರೆ" ಎಂದು ಕರೆದುಕೊಂಡು ಬಂದುಬಿಟ್ಟಿದ್ದ. ಮಾವ ಒತ್ತಿ ನೋಡಿ, ಮುರಿದಿಲ್ಲ, ನರ ಜಗ್ಗಿದೆ, ನಲವತ್ತು ದಿನ ಇಲ್ಲೇ ಇದ್ದು ಕೂತಲ್ಲೇ ಕೂರುವುದಾದರೆ ಕಟ್ಟು ಹಾಕುತ್ತೇನೆ ಎಂದರು. ಅವನು ಒಪ್ಪಿಕೊಂಡ.

ಫಾರಿನ್ ಆಟಗಾರ ಅಂದರೆ ಆರಡಿ ಆಳು, ಪೋಸ್ಟರಿನಲ್ಲಿರುವ ಹಾಗೆ ಇರುತ್ತಾನೆ ಎಂದುಕೊಂಡಿದ್ದೆ. ಕಾರಿನಿಂದ ಇಳಿದವನು ನಮ್ಮ ಡೇರಿ ಸೆಕ್ರೆಟರಿಯ ಹಾಗಿದ್ದ. ಕುಳ್ಳು, ಬಿಲ್ಲಿನಂಥ ಕಾಲು, ಒಂದು ಕಿವಿ ಸ್ವಲ್ಪ ಹರಿದಿತ್ತು. ನನಗಿಂತ ಹತ್ತು ವರ್ಷ ಚಿಕ್ಕವನು. ಅವನಿಗೊಂದು ಅಭ್ಯಾಸ: ಏನು ಮಾಡುವ ಮುಂಚೆಯೂ ಬಲಭುಜದ ಮೇಲಿಂದ ಒಮ್ಮೆ, ಎಡಭುಜದ ಮೇಲಿಂದ ಒಮ್ಮೆ ಹಿಂದಕ್ಕೆ ನೋಡುತ್ತಿದ್ದ. ತಟ್ಟೆಗೆ ಕೈ ಹಾಕುವ ಮುಂಚೆಯೂ ಅಷ್ಟೇ. ಅತ್ತೆ ಎರಡು ದಿನ ಗಮನಿಸಿ ನನ್ನನ್ನು ಒಳಗೆ ಕರೆದರು.

"ಯಾರೋ ಹಿಂದೆ ಬಿದ್ದವ್ರೆ ಕಣೇ ಈ ಮಗೀಗೆ. ಒಂದು ತಾಯ್ತ ಕಟ್ಸಾನ."

ಆಗ ಒಂಬತ್ತನೇ ಕ್ಲಾಸಿನಲ್ಲಿದ್ದ ಮಗಳು ಅವನನ್ನೇ ಕೇಳಿ ಬಂದಳು. ಇವಳ ಇಂಗ್ಲಿಷು, ಅವನ ಇಂಗ್ಲಿಷು ಎರಡೂ ಕುಂಟುತ್ತಿದ್ದವು, ಆದರೂ ಹೇಗೋ ಮುಟ್ಟುತ್ತಿದ್ದವು. ಚೆಂಡು ಕಾಲಿಗೆ ಬರುವ ಮೊದಲೇ ಯಾರು ಎಲ್ಲಿದ್ದಾರೆ ಎಂದು ನೋಡಿಟ್ಟುಕೊಂಡಿರಬೇಕಂತೆ. ಬಂದಮೇಲೆ ನೋಡಲು ಹೊತ್ತಿರುವುದಿಲ್ಲವಂತೆ. ಇಪ್ಪತ್ತು ವರ್ಷ ಹಾಗೆ ನೋಡಿ ನೋಡಿ ಕತ್ತೇ ಹಾಗಾಗಿದೆಯಂತೆ. ಅತ್ತೆ ತಾಯಿತವನ್ನು ಬಿಡಲಿಲ್ಲ, ಕಟ್ಟಿಸಿಯೇ ಬಿಟ್ಟರು.

ಮೊದಲ ವಾರ ಅವನು ಯಾರೆಂದು ಊರಿಗೆ ಗೊತ್ತಿರಲಿಲ್ಲ. ನಮ್ಮ ಕಡೆ ವಾಲಿಬಾಲು, ಕಬಡ್ಡಿ, ಕ್ರಿಕೆಟ್ಟು. ಗಡ್ಡ ತೆಗೆಯಲು ಅಜ್ಜಂಪುರದಿಂದ ಬಂದ ಕ್ಷೌರದವನು ಅವನದೊಂದು ಫೋಟೋ ತೆಗೆದುಕೊಂಡು ಹೋಗಿ ತನ್ನ ಅಂಗಡಿಯ ಕನ್ನಡಿಯ ಪಕ್ಕ ಅಂಟಿಸಿದ. ಅದನ್ನು ತರೀಕೆರೆಯ ಯಾರೋ ನೋಡಿದರು. ಅದಾದ ಮೂರನೇ ದಿನ ಎರಡು ಬೈಕು ಬಂದವು, ಐದನೇ ದಿನ ಒಂದು ಟೆಂಪೊ. ಅವನ ನಂಬರಿನ ಬನಿಯನ್ನು ಹಾಕಿಕೊಂಡ ಹುಡುಗರು ಅಂಗಳದಲ್ಲಿ ನಿಂತು ಅವನ ಹೆಸರನ್ನು ರಾಗವಾಗಿ ಕೂಗುತ್ತಿದ್ದರು. ನಮ್ಮ ತಾಲ್ಲೂಕಿನಲ್ಲಿ ಇಂಥವರು ಇದ್ದರೇ ಎಂದು ನನಗೇ ಆಶ್ಚರ್ಯ. ಕಡೂರಿನ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಎಳನೀರಿನ ಗೊನೆಗಳನ್ನು ಇಳಿಸಿ, ಅವನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, "ಇವ್ರು ಯಾವ ಆಟ ಆಡ್ತಾರೆ?" ಎಂದು ನನ್ನನ್ನು ಕೇಳಿ ಹೋದರು. ಕೈ ಮುರಿದುಕೊಂಡು ಬಂದವರು "ಸ್ವಲ್ಪ ದಾರಿ ಬಿಡ್ರಪ್ಪಾ" ಎಂದು ಈ ಗುಂಪನ್ನು ದಾಟಿ ಒಳಗೆ ಬರಬೇಕಾಗಿತ್ತು. ಒಂದು ದಿನ ನಾನು ಅರವತ್ತೆಂಟು ಕಾಫಿ ಲೋಟ ತೊಳೆದೆ.

ಬಸ್ಸಿನ ಕಂಡಕ್ಟರು ಒಂದು ಬೆಳಿಗ್ಗೆ ಕೂಗಿದ್ದು ನಮ್ಮ ಬಚ್ಚಲಿಗೆ ಕೇಳಿಸಿತು: "ಯಾರ್ರೀ ಫುಟ್‌ಬಾಲ್ ಮನೆ? ಇಳೀರಿ, ಇಳೀರಿ."

ನಾಲ್ಕು ತಲೆಮಾರಿನ ಹೆಸರು ಹನ್ನೆರಡು ದಿನಕ್ಕೆ ಹೋಯಿತು.

ಪಕ್ಕದ ಮನೆ ಅಕ್ಕ ನಲ್ಲಿಯ ಹತ್ತಿರ ಸಿಕ್ಕಿದರೆ ಅದೇ ಮಾತು. "ಅಲ್ಲ ಕಣೇ, ನಿಮ್ಮತ್ತೆ ಅವ್ನಿಗೆ ಒತ್ತುಶಾವಿಗೆ ಮಾಡ್ಸಿದ್ರಂತಲ್ಲ. ಮೊಣಕಾಲು ನೋವು ಅನ್ನೋರು ಒರಳ ಮುಂದೆ ಕೂತಿದ್ರಂತೆ. ನಿನ್ ಬಾಣಂತನದಲ್ಲಿ ಒತ್ತಿದ್ರಾ?"

"ನನ್ ಬಾಣಂತನ ತವರಲ್ಲಾಯ್ತಲ್ಲ ಅಕ್ಕ."

"ಓ, ಹಂಗಾದ್ರೆ ಬಚಾವಾದ್ರು ಬಿಡು ನಿಮ್ಮತ್ತೆ."

ನಕ್ಕೆ. ಕೊಡ ತುಂಬಿ ಹರಿದದ್ದು ಗೊತ್ತಾಗಲಿಲ್ಲ.

ಪೇಪರಿನವರೂ ಬಂದಿದ್ದರು. ಜಗಲಿಯ ಮೇಲೆ ಅವನು, ಅವನ ಪಾದವನ್ನು ತೊಡೆಯ ಮೇಲಿಟ್ಟುಕೊಂಡ ಮಾವ, ಕಟ್ಟು ಹಾಕುತ್ತಿರುವ ಫೋಟೋ. ಇವತ್ತಿಗೂ ಅದು ಫ್ರೇಮಿನಲ್ಲಿ ನಡುಮನೆಯಲ್ಲಿದೆ. ಬಲಗಡೆಯಿಂದ ಎರಡು ಕೈ ಬಂದು ಬಟ್ಟೆ ಸುತ್ತುತ್ತಿವೆ. ಹಸಿರು ಬಳೆ ಕಾಣುತ್ತದೆ. ಆ ಫೋಟೋದಲ್ಲಿ ನಾನು ಮೊಣಕೈವರೆಗೆ ಇದ್ದೇನೆ.

ಜನ ಯಾಕೆ ಇವನನ್ನು ಇಷ್ಟು ಹಚ್ಚಿಕೊಳ್ಳುತ್ತಾರೆ ಎಂದು ತಿಳಿಯಲು ನಾನು ನಿಜವಾಗಿಯೂ ಪ್ರಯತ್ನಪಟ್ಟೆ. ಒಂದು ಸಂಜೆ ನಮ್ಮನೆಯವರು ಅಂಗಡಿಯಿಂದ ಬಂದು ಅವನೆದುರು ಕೂತು, "ಒಟ್ಟು ಎಷ್ಟು ಗೋಲು ಹೊಡ್ದಿದೀಯ ಅಂತ ಕೇಳೇ" ಎಂದು ಮಗಳಿಗೆ ಹೇಳಿದರು. ಅವನು ಎರಡೂ ಕೈಯ ಬೆರಳು ಎಣಿಸಿ, ಒಂದು ಬೆರಳು ಮಡಚಿ ತೋರಿಸಿದ. ಅಷ್ಟೂ ವರ್ಷಕ್ಕೆ ಒಂಬತ್ತು.

"ಹಂಗಾದ್ರೆ ಇವ್ನಿಗ್ಯಾಕೆ ಇಷ್ಟೊಂದು ಜನ?" ಎಂದರು ನಮ್ಮನೆಯವರು. ನನ್ನ ಮನಸ್ಸಿನ ಮಾತು ಅವರ ಬಾಯಲ್ಲಿ ಬಂದದ್ದು ಅದೊಂದೇ ಸಲ.

ಅವನು ನನ್ನ ಮೊರದಲ್ಲಿದ್ದ ಹುಣಸೆಬೀಜಗಳನ್ನು ತೆಗೆದುಕೊಂಡು ಜಗಲಿಯ ಮೇಲೆ ಹನ್ನೊಂದು ಇಟ್ಟ. ನಡುವಿನ ಬೀಜ ಮುಟ್ಟಿ ತನ್ನ ಎದೆ ಮುಟ್ಟಿಕೊಂಡ. ಆ ಬೀಜವನ್ನು ಒಂದೇ ಬೆರಳಲ್ಲಿ ನೂಕಿ ಮುಂದಿನ ಬೀಜಕ್ಕೆ ತಾಗಿಸಿದ. "ಇವ್ನು ಗೋಲು ಹಾಕೋನಲ್ಲಪ್ಪ," ಎಂದಳು ಮಗಳು. "ಹಾಕೋರಿಗೆ ಕೊಡೋನು."

"ಹಂಗಂದ್ರೆ ನಿಮ್ಮಮ್ಮನ್ ತರ," ಎಂದು ನಮ್ಮನೆಯವರು ನಗಾಡಿದರು. ನನಗೆ ನಗು ಬರಲಿಲ್ಲ. ನನ್ನ ಹೆಸರಿನ ಬನಿಯನ್ನು ಯಾರೂ ಹಾಕಿಕೊಂಡು ಓಡಾಡುತ್ತಿರಲಿಲ್ಲ.

ಒಳ್ಳೆಯವನಲ್ಲ ಎಂದು ಹೇಳಲಾರೆ. ಉಂಡ ತಟ್ಟೆಯನ್ನು ಕುಂಟುತ್ತಾ ತಾನೇ ತಂದು ತೊಳೆಯುವ ಕಲ್ಲಿನ ಮೇಲಿಡುತ್ತಿದ್ದ. ಖಾರವಾದರೂ ಕಣ್ಣಲ್ಲಿ ನೀರು ಹಾಕಿಕೊಂಡು ತಿನ್ನುತ್ತಿದ್ದ. ನನ್ನ ಹೆಸರು ಕೇಳಿ ತಿಳಿದುಕೊಂಡು, ಮೂರು ದಿನ ಬಾಯಲ್ಲಿ ಹೊರಳಿಸಿ ಅಭ್ಯಾಸ ಮಾಡಿ, ನಾಲ್ಕನೇ ದಿನದಿಂದ ಸರಿಯಾಗಿ ಕರೆಯತೊಡಗಿದ. ಹೀಗೆ ಯಾವುದರಲ್ಲೂ ತಪ್ಪು ಸಿಗದವನ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟದ ಕೆಲಸ. ಆದರೂ ಪಟ್ಟೆ.

ಅವನ ಹತ್ತಿರ ಒಂದು ಸಣ್ಣ ಬುರುಡೆ ಇತ್ತು, ಸೋರೆಬುರುಡೆಯಂಥದ್ದು. ಅದರಲ್ಲಿ ಅವರ ದೇಶದ ಯಾವುದೋ ಒಣಸೊಪ್ಪು ಹಾಕಿ, ಬಿಸಿನೀರು ಹುಯ್ದು, ಒಂದು ಲೋಹದ ಕೊಳವೆಯಿಂದ ಹೀರುತ್ತಿದ್ದ. ಅವರ ಕಡೆ ಒಂದೇ ಬುರುಡೆಯಿಂದ, ಒಂದೇ ಕೊಳವೆಯಿಂದ ಕೂತವರೆಲ್ಲ ಸರದಿಯ ಮೇಲೆ ಕುಡಿಯುವುದಂತೆ. ಕೊಟ್ಟಾಗ ಬೇಡ ಅನ್ನಬಾರದಂತೆ. ಒಂದು ಸಂಜೆ ಅದನ್ನು ಮಾವನ ಮುಂದೆ ಹಿಡಿದ. ಎಂಜಲು ಎಂದು ಮೊಮ್ಮಗಳು ಕಚ್ಚಿದ ಸೀಬೆಹಣ್ಣನ್ನೂ ಮುಟ್ಟದವರು ನಮ್ಮ ಮಾವ. ಬುರುಡೆಯನ್ನೇ ಸ್ವಲ್ಪ ಹೊತ್ತು ನೋಡಿ, ಕೊಳವೆಗೆ ಬಾಯಿ ಹಾಕಿ ಎಳೆದರು. ಮುಖ ಕಿವುಚಿತು.

"ಕಹಿ ಐತೆ. ಒಳ್ಳೇದು," ಎಂದರು. ಆಮೇಲೆ ದಿನಾ ಸಂಜೆ ಇಬ್ಬರೂ ಅದೇ ಕೊಳವೆ.

ಇಪ್ಪತ್ತೆಂಟನೇ ದಿನ ಬೆಳಿಗ್ಗೆ ಹಸು ಕರೆಯಲು ಎದ್ದಾಗ ನೋಡಿದೆ. ಹೊಲದ ಬದುವಿನ ಮೇಲೆ ಮುಂದೆ ಮಾವ, ಕೋಲೂರಿಕೊಂಡು. ಹಿಂದೆ ಅವನು, ಅವನೂ ಕೋಲೂರಿಕೊಂಡು. ಬೇಲಿ ತಿರುಗಿ ಮರೆಯಾದರು. ಹಿಂದಿರುಗುವಾಗ ಮುಚ್ಚಿದ ಬುಟ್ಟಿ ಅವನ ಕೈಯಲ್ಲಿತ್ತು.

ಈ ಮನೆಗೆ ಬಂದಮೇಲೆ ಮಾವನನ್ನು ನಾನು ಎದುರಿಗೆ ನಿಂತು ದನಿ ಏರಿಸಿ ಕೇಳಿದ್ದು ಅದೇ ಮೊದಲು.

"ಮಾವ, ಅವ್ನಿಗೆ ಸೊಪ್ಪು ತೋರ್ಸಿದ್ರಾ?"

"ತೋರ್ಸಿದೆ ಕಣಮ್ಮ. ಅವ್ನು ಅವ್ನ ಸೊಪ್ಪು ಕುಡಿಸ್ದ. ನಂದು ತೋರ್ಸು ಅಂದ. ಒಂದು ಸೊಪ್ಪಿಗೆ ಒಂದು ಸೊಪ್ಪು. ಋಣ ಇಟ್ಕೊಂಡು ಕಟ್ಟು ಹಾಕಕ್ಕಾಗಲ್ಲ."

"ಹತ್ತೊಂಬತ್ತು ವರ್ಷದಿಂದ ನಾನೂ ನಿಮ್ಗೆ ದಿನಾ ಎರಡೊತ್ತು ಕಾಫಿ ಕೊಟ್ಟಿದೀನಿ ಮಾವ."

ಅವರು ಬುಟ್ಟಿಯ ಮೇಲಿನ ಬಟ್ಟೆಯನ್ನು ಸರಿಮಾಡಿದರು. "ನೀನು ಮನೆಯೋಳಲ್ವೇನಮ್ಮ. ಮನೆಯೋರ ಹತ್ರ ಎಂಥ ಋಣ?" ಎಂದರು. ನನ್ನ ಮುಖ ನೋಡಿ ಏನನ್ನಿಸಿತೋ, "ಅವ್ನು ಮರ್ತೋಯ್ತಾನೆ ಬಿಡು. ಎತ್ತಿಗೆ ಬೇಲಿ ತೋರ್ಸಿದಂಗೆ," ಎಂದು ಸೇರಿಸಿ, ಒಳಗೆ ಹೋಗಿ ಕದ ಹಾಕಿಕೊಂಡರು.

ಆ ದಿನ ಅವನ ಕಾಲು ಕಟ್ಟುವಾಗ ಗಂಟನ್ನು ಒಳಮಗ್ಗುಲಿಗೆ ಹಾಕಿದೆ. ಬೇಕೆಂದೇ. ಅವನು ಗಂಟು ನೋಡಿದ, ನನ್ನನ್ನು ನೋಡಿದ, ಆಮೇಲೆ ಮಗಳನ್ನು ಕರೆದು ಏನೋ ಕೇಳಿದ. ಅಕ್ಕಿ ಆರಿಸಲು ಕೂತೆ, ಕಲ್ಲು ಯಾವುದು ಅಕ್ಕಿ ಯಾವುದು ತಿಳಿಯಲಿಲ್ಲ. ಊಟದ ಹೊತ್ತಿಗೆ ಎದ್ದು ಹೋಗಿ ಬಿಚ್ಚಿ, ಹೊರಮಗ್ಗುಲಿಗೆ ಹಾಕಿ ಬಂದೆ.

ಎರಡು ದಿನ ಕಳೆದಿರಬೇಕು. ಇವತ್ತಿನ ಹಾಗೆಯೇ ಹುಣಸೆಹಣ್ಣಿನ ಮುಂದೆ ಕೂತಿದ್ದೆ. ಅವನು ಕುಂಟುತ್ತಾ ಬಂದು ಎದುರಿಗೆ ಕೂತ. ಬಲಕ್ಕೊಮ್ಮೆ, ಎಡಕ್ಕೊಮ್ಮೆ ತಿರುಗಿ ನೋಡಿದ. ಜಗಲಿಯಲ್ಲಿ ಯಾರೂ ಇರಲಿಲ್ಲ. ಜೇಬಿನಿಂದ ಬಾಡಿದ ಒಂದು ಕುಡಿ ತೆಗೆದು ಮೊರದ ಅಂಚಿನಲ್ಲಿಟ್ಟು, ಆ ದಿನ ಬೀಜವನ್ನು ನೂಕಿದ ಹಾಗೆ ಒಂದೇ ಬೆರಳಲ್ಲಿ ನನ್ನ ಕಡೆಗೆ ನೂಕಿದ. ಫೋನಿಗೆ ಏನೋ ಹೇಳಿದ. ಫೋನಿನೊಳಗಿನ ಹೆಂಗಸು ಪಾಠ ಓದಿದಂತೆ ಕನ್ನಡದಲ್ಲಿ ಹೇಳಿದಳು: "ನಾನು ಮರೆತುಬಿಡುತ್ತೇನೆ. ನೀವು ಇಟ್ಟುಕೊಳ್ಳಿ."

ಎದ್ದು ಹೋದ.

ಅದು ಯಾವ ಗಿಡ ಎಂದು ಬರೆಯುವುದಿಲ್ಲ. ನಮ್ಮ ಒಗೆಯುವ ಕಲ್ಲಿನ ಹಿಂದೆಯೂ ಬೆಳೆಯುತ್ತಿತ್ತು. ಕಸವೆಂದು ನಾನೇ ಎಷ್ಟೋ ಸಲ ಕಿತ್ತು ತಿಪ್ಪೆಗೆ ಹಾಕಿದ್ದೆ. ಅಂಗೈಯಲ್ಲಿ ಉಜ್ಜಿ ಮೂಸಿದೆ. ಹತ್ತೊಂಬತ್ತು ವರ್ಷದ ವಾಸನೆ. ಆಗ ನನಗೆ ಅವನ ಮೇಲೆ ಒಳ್ಳೆಯ ಭಾವನೆ ಹುಟ್ಟಿತು ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಮನೆಯ ಹಿತ್ತಲಿನದನ್ನು ನನಗೆ ಕೊಡಲು ಭೂಮಿಯ ಆ ತುದಿಯಿಂದ ಒಬ್ಬ ಬರಬೇಕಾಯಿತೇ ಎಂದು ಮೈ ಉರಿಯಿತು. ಕೊಟ್ಟು ಹೆಸರು ಮಾಡುವುದು ಅವನ ಕಸುಬು. ನನ್ನ ಹತ್ತಿರವೂ ಮಾಡಿಬಿಟ್ಟ.

ಈಗ ನಾನು ಮಾಡಿದ್ದನ್ನು ಬರೆಯಬೇಕು.

ಕಟ್ಟು ಬಿಚ್ಚಿದ ದಿನ ಹೊರಡುವವರು ನಮ್ಮ ಮನೆಯಲ್ಲಿ "ಹೋಗಿ ಬರ್ತೀನಿ" ಅನ್ನಬಾರದು. ಬೇರೆ ಮನೆಗಳಲ್ಲಿ ಹಾಗೆ ಅನ್ನದಿದ್ದರೆ ತಪ್ಪು. ಇಲ್ಲಿ ಅಂದರೆ ತಪ್ಪು. ಅಂದರೆ ಅದೇ ಕಾಲಿಗೆ ಮತ್ತೆ ಪೆಟ್ಟಾಗಿ ಮತ್ತೆ ಬರುತ್ತಾರೆ. ನಾವೂ "ಬನ್ನಿ" ಅನ್ನುವುದಿಲ್ಲ. ಹೊಸಿಲು ದಾಟಿದವರು ಡೇರಿ ಕಟ್ಟೆ ದಾಟುವವರೆಗೆ ಹಿಂದಿರುಗಿ ನೋಡಬಾರದು. ಹಿಂದಿನ ದಿನ ಊಟ ಬಡಿಸುವಾಗ ಇದನ್ನು ರೋಗಿಗೆ ಹೇಳುವುದು ಮನೆಯ ಹೆಂಗಸಿನ ಕೆಲಸ. ಹತ್ತೊಂಬತ್ತು ವರ್ಷ ಬಂದವರಿಗೆಲ್ಲ ಹೇಳಿದ್ದೆ, ಮಾತು ಬಾರದ ಹಸುಗೂಸಿನ ತಾಯಿಗೂ ಬಿಡದೆ.

ಅವನಿಗೆ ಹೇಳಲಿಲ್ಲ. ಮರೆತಿರಲಿಲ್ಲ. ನಲವತ್ತನೇ ದಿನದ ಊಟಕ್ಕೆ ಬಡಿಸಿದೆ, ಎರಡನೇ ಸಲ ಸಾರು ಹಾಕಿದೆ, ಪಕ್ಕದಲ್ಲಿ ಫೋನೂ ಇತ್ತು, ಮಗಳೂ ಇದ್ದಳು. ಅವನು ಬಲಕ್ಕೆ ಎಡಕ್ಕೆ ನೋಡಿ ಊಟಕ್ಕೆ ಕೈ ಹಾಕಿದ. ಹಿಂದೆ ನೋಡುವುದೇ ಬದುಕಾದವನಿಗೆ ನೋಡಬೇಡ ಎಂದು ನಾನು ಹೇಳಬೇಕಿತ್ತು. ಬಾಯಿ ಬಿಗಿದುಕೊಂಡೆ.

ಮರು ಬೆಳಿಗ್ಗೆ ಅಂಗಳ ತುಂಬ ಜನ. ಅವನು ಊರುಗೋಲಿಲ್ಲದೆ ಹೊಸಿಲು ದಾಟಿದ. ಅತ್ತೆಯ ಕಾಲು ಮುಟ್ಟಿದ. ಗೇಟಿನ ಹತ್ತಿರ ನಿಂತು, ಬಲಭುಜದ ಮೇಲಿಂದೊಮ್ಮೆ, ಎಡಭುಜದ ಮೇಲಿಂದೊಮ್ಮೆ ತಿರುಗಿ, ನಮ್ಮ ಹುಡುಗರು ಕಲಿಸಿದ್ದ ಮಾತನ್ನು ಜೋರಾಗಿ ಹೇಳಿದ.

"ಹೋಗ್ ಬತ್ತೀನಿ."

ಜನ ಚಪ್ಪಾಳೆ ತಟ್ಟಿದರು, ಸಿಳ್ಳೆ ಹಾಕಿದರು. ಮಾವ ಕಂಬ ಹಿಡಿದುಕೊಂಡರು. ಕಾರು ಹೋದಮೇಲೆ ನನ್ನ ಕಡೆ ತಿರುಗಿದರು. "ಹೇಳಿರ್ಲಿಲ್ವೇನಮ್ಮ?"

"ಹೇಳಿದ್ದೆ ಮಾವ. ಅವ್ನಿಗೆ ತಿಳೀಲಿಲ್ಲ ಅನ್ಸುತ್ತೆ."

ಅತ್ತೆ ನನ್ನ ಮುಖವನ್ನು ಒಮ್ಮೆ ನೋಡಿ ಒಳಗೆ ಹೋದರು.

ಅವನ ಕಾಲು ನಮ್ಮ ಸೊಪ್ಪಿನಿಂದ ವಾಸಿಯಾಯಿತೋ, ನಲವತ್ತು ದಿನ ಕೂತಿದ್ದರಿಂದ ವಾಸಿಯಾಯಿತೋ ನಾನು ಹೇಳಲಾರೆ. ಆ ಮಾತಿಗೆ ಫಲ ಇದೆಯೋ ಇಲ್ಲವೋ, ಅದೂ ಗೊತ್ತಿಲ್ಲ. ಆದರೆ ಅವತ್ತಿನಿಂದ ಮಗಳು ಅವನ ಆಟದ ಸುದ್ದಿ ಓದುವಾಗಲೆಲ್ಲ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕೇಳುತ್ತಿದ್ದೆ. "ಪೆಟ್ಟು" ಎಂಬ ಮಾತು ಬಂದರೆ "ಯಾವ ಕಾಲು?" ಎಂದು ಕೇಳುತ್ತಿದ್ದೆ. ಒಮ್ಮೆ ತೊಡೆ, ಒಮ್ಮೆ ಬಲ ಮೊಣಕಾಲು.

ಎರಡು ವರ್ಷದ ಮೇಲೆ ಮಾವ ಹಾಸಿಗೆ ಹಿಡಿದರು. ಮಗನನ್ನು ಕರೆದು ಬೇಲಿಯ ಗುರುತು ಹೇಳಲು ನೋಡಿದರು. "ಅಪ್ಪಾ, ನಂಗೆ ಆಗಲ್ಲ ಕಣಪ್ಪಾ," ಎಂದು ನಮ್ಮನೆಯವರು ಅತ್ತುಬಿಟ್ಟರು. ಮಧ್ಯಾಹ್ನ ನಾನು ಒಂದು ಕುಡಿ ಕಿತ್ತು ತಂದು ಮಾವನ ಅಂಗೈಯಲ್ಲಿಟ್ಟೆ. ಕಣ್ಣು ಬಿಡದೆಯೇ ಮೂಗಿನ ಹತ್ತಿರ ಹಿಡಿದರು.

"ಯಾರು ತೋರ್ಸಿದ್ದು?"

ಹೇಳಿದೆ. ಕುಡಿಯನ್ನು ಇನ್ನೊಮ್ಮೆ ಮೂಸಿದರು. ಆಮೇಲೆ ಹೊಟ್ಟೆ ಅಲುಗಿತು, ನಗುತ್ತಿದ್ದರು. "ಅವ್ನನ್ನ ಎತ್ತು ಅಂದಿದ್ನಲ್ಲಮ್ಮ ನಾನು," ಎಂದರು. ಸ್ವಲ್ಪ ಸುಧಾರಿಸಿಕೊಂಡು, "ಹೂ ಬಿಟ್ಟಾಗ ಕೀಳ್ಬೇಡ. ಅರೆಯೋವಾಗ ನೀರು ಹಾಕ್ಬೇಡ," ಎಂದರು. ಅವನಿಗೆ ಹೇಳದೆ ಇದ್ದದ್ದು ಅವೆರಡೇ. ಅವು ನನಗೆ ನೇರವಾಗಿ ಸಿಕ್ಕಿದವು. ಮಾವ ಹೋದಮೇಲೂ ಜನ ಬರುತ್ತಾರೆ. ಒಬ್ಬಿಬ್ಬರು "ಅಕ್ಕನ ಕೈಗುಣ" ಎನ್ನುವುದೂ ಉಂಟು. ಬಸ್ಸಿನವರು ಮಾತ್ರ ಇನ್ನೂ ಫುಟ್‌ಬಾಲ್ ಮನೆ ಎಂದೇ ಕೂಗುತ್ತಾರೆ.

ಇವತ್ತಿನ ವಿಡಿಯೋದಲ್ಲಿ ಅವನು ಮೈದಾನವನ್ನು ಒಂದು ಸುತ್ತು ಹಾಕುತ್ತಿದ್ದ. ಸುತ್ತ ಸಾವಿರಾರು ಜನ, ಎಲ್ಲರೂ ಅಳುತ್ತಾ ಅವನ ಹೆಸರು ಹಾಡುತ್ತಿದ್ದರು. ಕೂದಲು ಅಲ್ಲಲ್ಲಿ ನರೆತಿದೆ. ಆ ಹಾಡು ಕೇಳಿದ ಕೂಡಲೇ ನನ್ನ ಹಳೆಯ ಉರಿ ಎದ್ದಿತು, ಆರು ವರ್ಷ ಬೂದಿ ಮುಚ್ಚಿಕೊಂಡಿತ್ತಷ್ಟೆ.

"ಮುಖ ಸಾಕು, ಕಾಲು ದೊಡ್ದಾಗಿ ತೋರ್ಸು," ಎಂದೆ.

"ಕಾಲಾ?"

"ಎಡಗಾಲು."

ಮಗಳು ಎರಡು ಬೆರಳಿನಿಂದ ಹಿಗ್ಗಿಸಿದಳು. ಮೂರು ಸಲ ಹಾಕಿಸಿ ನೋಡಿದೆ. ಹಿಮ್ಮಡಿ ನೆಟ್ಟಗೆ ಊರುತ್ತಿತ್ತು, ಪಾದ ಹೊರಕ್ಕೆ ವಾಲುತ್ತಿರಲಿಲ್ಲ, ಬೆರಳುಗಳ ಮೇಲೆ ಭಾರ ಸಮನಾಗಿ ಬೀಳುತ್ತಿತ್ತು.

"ಕಾಲು ನೋವಿಂದ ಬಿಟ್ನಾ?"

"ಇಲ್ಲಮ್ಮ. ವಯಸ್ಸಾಯ್ತು ಅಂತ. ಇರು, ಇನ್ನೊಂದೈತೆ. ಶಿವನಿ ಡ್ರೈವರಣ್ಣ ಕಳ್ಸವ್ನೆ, ಅವ್ನದೇ ದನಿ."

ಇಂಗ್ಲಿಷಿನಲ್ಲಿ ಮಾತಾಡಿದ್ದ. ಅಜ್ಜ ಹೋದದ್ದು ಗೊತ್ತಾಯಿತು, ಅಜ್ಜಿ ಹೇಗಿದ್ದಾರೆ ಎಂದು ಕೇಳಿದ್ದ. ಆಮೇಲೆ ನನ್ನ ಹೆಸರು ಹೇಳಿದ, ಒಂದಕ್ಷರ ತಪ್ಪಿಲ್ಲದೆ. ಕಟ್ಟಿದವರು ಇವರು ಎಂದು ಅಲ್ಲಿ ಎಲ್ಲರಿಗೂ ಹೇಳಿದ್ದೇನೆ ಎಂದ. ಕೊನೆಗೆ ಕನ್ನಡ: "ಹೋಗ್ ಬತ್ತೀನಿ ಅಂದಿದ್ದೆ. ಬತ್ತೀನಿ." ಶ್ರಾವಣದ ಹೊತ್ತಿಗೆ, ಹೆಂಡತಿಯ ಜೊತೆ.

ಒಳಗಿನಿಂದ ಅತ್ತೆ ಗೋಡೆ ಹಿಡಿದುಕೊಂಡು ಬಂದು ನಿಂತಿದ್ದರು. ಅವರನ್ನು ಕೂರಿಸಿ, ಮಗಳು ಕೈಕಾಲು ತೊಳೆಯಲು ಹೋದಮೇಲೆ, ಹೇಳಿಬಿಟ್ಟೆ.

"ಅತ್ತೆ, ಅವತ್ತು ನಾನು ಅವ್ನಿಗೆ ಹೇಳೇ ಇರ್ಲಿಲ್ಲ. ಮಾವನ ಹತ್ರ ಸುಳ್ಳಾಡ್ದೆ."

"ಗೊತ್ತು ಕಣೇ. ನೀನು ಬಡಿಸೋವಾಗ ನಾನು ಅಲ್ಲೇ ಕೂತಿದ್ನಲ್ಲ."

"ಮತ್ತೆ ನೀವಾದ್ರೂ ಯಾಕೆ ಹೇಳ್ಲಿಲ್ಲ?"

ಅತ್ತೆ ಹುಣಸೆಬೀಜವೊಂದನ್ನು ಮೊರದಿಂದ ಎತ್ತಿ ಹೊರಗೆ ಹಾಕಿದರು. "ಅವ್ನು ಇನ್ನೊಂದ್ಸಲ ಬರ್ಲಿ ಅಂತ," ಎಂದರು. "ಪೆಟ್ಟಾದ್ರೂ ಸರಿ, ಬಂದ್ರೆ ನೀನಿದೀಯಲ್ಲ, ಕಟ್ತೀಯ ಅಂತ."

ಆರು ವರ್ಷ ನಾನೊಬ್ಬಳೇ ಹೊತ್ತುಕೊಂಡಿದ್ದೆ ಎಂದುಕೊಂಡಿದ್ದರ ಅರ್ಧ ಪಾಲು ಅವರದ್ದಾಗಿತ್ತು. ಹಗುರವಾಗಬೇಕಿತ್ತು, ಆಯಿತು ಕೂಡ. ಆದರೆ ನಾನು ಸಖರಾಯಪಟ್ಟಣಕ್ಕೆ ಹೋದಾಗ ಒಂದು ದಿನವಾದರೂ ಇವರು ಹೀಗೆ ಕಾದಿದ್ದರೇ ಎಂದು, ಅದರ ಮಧ್ಯೆಯೂ, ಒಂದು ಚೂರು ಉರಿಯಿತು.

"ಏನಂತ ಉತ್ತರ ಹಾಕ್ಲಮ್ಮಾ?" ಎಂದು ಮಗಳು ಬಂದು ಕೇಳಿದಳು.

"ಬರೋಕ್ಹೇಳು. ನೀನು ಹೊರಡೋ ಹಿಂದಿನ್ದಿನ ನಾನು ಒಂದ್ಮಾತು ಹೇಳ್ಬೇಕಿತ್ತು, ಹೇಳ್ಲಿಲ್ಲ, ಬಂದ್ಮೇಲೆ ಹೇಳ್ತೀನಿ ಅಂತ ಹಾಕು."

ರಾತ್ರಿ ಮುದ್ದೆ, ಹುರುಳಿ ಬಸ್ಸಾರು, ಮಧ್ಯಾಹ್ನದ ಪಲ್ಯ ಸ್ವಲ್ಪ ಉಳಿದಿತ್ತು. ನಮ್ಮನೆಯವರು "ಕೊನೇಗೆ ಎಷ್ಟು ಗೋಲಾಯ್ತಂತೆ?" ಎಂದು ಕೇಳಿದರು. ಹನ್ನೊಂದು ಎಂದಳು ಮಗಳು. ಅತ್ತೆ ಅರ್ಧ ಮುದ್ದೆ ಉಂಡು, ಶಾವಿಗೆ ಒರಳು ಎಲ್ಲಿಟ್ಟಿದ್ದೀಯ ಎಂದು ಎರಡು ಸಲ ಕೇಳಿ, ಅವನ ದನಿಯನ್ನು ಇನ್ನೊಮ್ಮೆ ಹಾಕಿಸಿಕೊಂಡು ಕೇಳುತ್ತಾ ಎಲ್ಲರಿಗಿಂತ ಮೊದಲು ಮಲಗಿದರು. ಒರಳನ್ನು ಅಟ್ಟದಿಂದ ಇಳಿಸಿ, ಜೇಡದ ಬಲೆ ಒರೆಸಿ, ತೊಳೆದು ಬೋರಲು ಹಾಕಿ ನಾನು ಮಲಗಿದೆ.